ಓದುಗರ ಪ್ರಶ್ನೆ: ಡೇಟಾಬೇಸ್ ಫಂಕ್ಷನ್‌ಗಳ ಕೈಪಿಡಿ ಬಳಸುವವರಿಗೆ ತಿಳಿಯುವಂತಿರಬೇಡವೇ?

ಡೇಟಾಬೇಸ್ ಬಳಸುವವರೆಲ್ಲರೂ ಪ್ರೋಗ್ರಾಂ ಬರೆಯುವವರಲ್ಲ. ಲೆಕ್ಕಪತ್ರ ನೋಡಿಕೊಳ್ಳುವವರು, ತಿಂಗಳ ವರದಿ ತಯಾರಿಸುವವರು, ಗ್ರಂಥಾಲಯದ ಪಟ್ಟಿ ಇಡುವವರು, ಸಂಶೋಧನೆಗಾಗಿ ಅಂಕಿಅಂಶ ಕಲೆಹಾಕುವವರು, ಇವರೆಲ್ಲರೂ ಇಂದು ತಮಗೆ ಬೇಕಾದ ನಾಲ್ಕು ಸಾಲು ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಬರೆದುಕೊಳ್ಳುತ್ತಾರೆ. ಅವರು ಎಡವುವುದು ಹೆಚ್ಚಾಗಿ ಫಂಕ್ಷನ್‌ಗಳ, ಎಂದರೆ ಕೊಟ್ಟ ಮೌಲ್ಯದಿಂದ ಉತ್ತರ ತೆಗೆದುಕೊಡುವ ಸಿದ್ಧ ಆದೇಶಗಳ, ವಿವರಣೆಯನ್ನು ಓದುವಾಗ. ಈ ವಿಷಯವಾಗಿ ಬಂದ ಪತ್ರಗಳಲ್ಲಿ ಏಳನ್ನು ಆರಿಸಿ ಉತ್ತರಿಸಿದ್ದೇನೆ. ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿಗೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕೆಂಬುದು ಓದುಗರಿಗೆ ಗೊತ್ತೇ ಇದೆ.

ಪ್ರಶ್ನೆ: ನಮ್ಮ ಸಂಸ್ಥೆಯ ಡೇಟಾಬೇಸಿಗಾಗಿ ನಾನು ನಲವತ್ತರಷ್ಟು ಫಂಕ್ಷನ್‌ಗಳನ್ನು ಬರೆದಿದ್ದೇನೆ. ಪ್ರತಿಯೊಂದಕ್ಕೂ ಹೆಸರು, ಒಳಗೆ ಕೊಡಬೇಕಾದ ಮೌಲ್ಯಗಳ ಬಗೆ, ಹೊರಬರುವ ಮೌಲ್ಯದ ಬಗೆ, ಒಂದು ಸಾಲಿನ ವಿವರಣೆ ಎಲ್ಲವನ್ನೂ ಕೊಟ್ಟಿದ್ದೇನೆ. ಆದರೂ ಲೆಕ್ಕ ವಿಭಾಗದವರು ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ. ಅವರು ಓದುವುದಿಲ್ಲವೋ, ನಾನು ಬರೆದದ್ದೇ ಸರಿಯಿಲ್ಲವೋ ತಿಳಿಯುತ್ತಿಲ್ಲ. ಮಾದರಿಗೆ ಒಂದು ಪುಟವನ್ನು ಕಳುಹಿಸಿದ್ದೇನೆ.

ಉತ್ತರ: ಅವರು ಓದುತ್ತಾರೆ, ಓದಿಯೂ ಬೇಕಾದದ್ದು ಸಿಗದಿದ್ದಾಗ ಫೋನ್ ಮಾಡುತ್ತಾರೆ. ನೀವು ಕಳುಹಿಸಿದ ಪುಟದಲ್ಲಿ ಒಂದು ವಿವರಣೆ ಹೀಗಿದೆ: "ಮೊತ್ತವನ್ನು ರೌಂಡ್ ಮಾಡಿ ಹಿಂದಿರುಗಿಸುತ್ತದೆ." ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಫಂಕ್ಷನ್‌ನ ಹೆಸರಿನಲ್ಲೇ "ರೌಂಡ್" ಎಂಬ ಪದ ಇರುವುದರಿಂದ, ಹೆಸರು ಓದಿದವರಿಗೆ ಇಷ್ಟು ಆಗಲೇ ಗೊತ್ತಿತ್ತು. ಲೆಕ್ಕ ವಿಭಾಗದವರು ಆ ಪುಟಕ್ಕೆ ಬಂದದ್ದು ಬೇರೆ ಪ್ರಶ್ನೆಗಳನ್ನು ಹೊತ್ತುಕೊಂಡು. ಸರಿಯಾಗಿ ಎರಡೂವರೆ ಬಂದರೆ ಅದು ಎರಡಾಗುತ್ತದೆಯೋ ಮೂರಾಗುತ್ತದೆಯೋ? ಮೈನಸ್ ಎರಡೂವರೆ ಆದರೆ? ಮೊತ್ತವನ್ನೇ ತುಂಬಿಸದ ಸಾಲಿನಲ್ಲಿ ಏನು ಬರುತ್ತದೆ? ಈ ಮೂರಕ್ಕೂ ನಿಮ್ಮ ಪುಟದಲ್ಲಿ ಉತ್ತರವಿಲ್ಲ.

ಇವು ಕ್ಷುಲ್ಲಕ ಪ್ರಶ್ನೆಗಳೂ ಅಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸಿನ ರೌಂಡ್ ಫಂಕ್ಷನ್ ನ್ಯೂಮರಿಕ್ (ದಶಾಂಶಗಳನ್ನು ಯಥಾವತ್ತಾಗಿ ಇಡುವ) ಬಗೆಯ 2.5ನ್ನು 3 ಮಾಡುತ್ತದೆ, ಅಂದರೆ ಸರಿ ಅರ್ಧ ಬಂದಾಗ ಸೊನ್ನೆಯಿಂದ ದೂರಕ್ಕೆ ಸರಿಯುತ್ತದೆ, ಅದೇ 2.5 ಡಬಲ್ ಪ್ರಿಸಿಷನ್ (ದಶಾಂಶಗಳನ್ನು ಅಂದಾಜಾಗಿ ಇಡುವ) ಬಗೆಯದಾಗಿದ್ದರೆ ಹೆಚ್ಚಿನ ಯಂತ್ರಗಳಲ್ಲಿ ಹತ್ತಿರದ ಸಮಸಂಖ್ಯೆಗೆ, ಎಂದರೆ 2ಕ್ಕೆ, ಇಳಿಯುತ್ತದೆ. ಒಂದೇ ಹೆಸರಿನ ಫಂಕ್ಷನ್‌ಗೆ ನೋಡಲು ಒಂದೇ ಆಗಿರುವ ಸಂಖ್ಯೆಯನ್ನು ಕೊಟ್ಟರೂ ಕಾಲಂನ ಬಗೆಯನ್ನು ಅನುಸರಿಸಿ ಎರಡು ಉತ್ತರ ಬರುತ್ತವೆ. ಇಷ್ಟಕ್ಕೇ ಮುಗಿಯುವುದಿಲ್ಲ. ಎಷ್ಟು ದಶಾಂಶ ಸ್ಥಾನ ಬೇಕೆಂದು ಹೇಳಬಹುದಾದ ಎರಡನೆಯ ರೂಪ ನ್ಯೂಮರಿಕ್ ಬಗೆಗೆ ಮಾತ್ರ ಇದೆ. ಡಬಲ್ ಪ್ರಿಸಿಷನ್ ಕಾಲಂಗೆ ಅದನ್ನು ಬಳಸಿದರೆ "ಅಂಥ ಫಂಕ್ಷನ್ ಇಲ್ಲ" ಎಂಬ ದೋಷ ಸಂದೇಶ ಬರುತ್ತದೆ. ಕೈಪಿಡಿಯಲ್ಲಿ ಫಂಕ್ಷನ್ ಕಣ್ಣೆದುರಿಗೇ ಇದೆ, ಯಂತ್ರ ಇಲ್ಲವೆನ್ನುತ್ತಿದೆ. ಬಳಸುವವರು ಫೋನ್ ಎತ್ತಿಕೊಳ್ಳದೆ ಇನ್ನೇನು ಮಾಡಬೇಕು?

ನಿಮ್ಮ ಆ ಪುಟವನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಮೊತ್ತ_ರೌಂಡ್(ಮೊತ್ತ, ದಶಾಂಶ ಸ್ಥಾನ). ಬಿಲ್ಲಿನ ಮೊತ್ತವನ್ನು ಬೇಕಾದಷ್ಟು ದಶಾಂಶ ಸ್ಥಾನಗಳಿಗೆ ಇಳಿಸಲು ಇದನ್ನು ಬಳಸಿ. ಸರಿ ಅರ್ಧ ಬಂದರೆ ಸೊನ್ನೆಯಿಂದ ದೂರದ ಕಡೆಗೆ ಸರಿಯುತ್ತದೆ.
ಮೊತ್ತ_ರೌಂಡ್(12.345, 2) → 12.35
ಮೊತ್ತ_ರೌಂಡ್(-12.345, 2) → -12.35
ಮೊತ್ತ_ರೌಂಡ್(ನಲ್, 2) → ನಲ್ (ನಲ್ ಎಂದರೆ ಮೌಲ್ಯ ತಿಳಿದಿಲ್ಲ)
ಹಲವು ಮೊತ್ತಗಳನ್ನು ಕೂಡುವುದಿದ್ದರೆ ಮೊದಲು ಕೂಡಿ, ಆಮೇಲೆ ಒಮ್ಮೆ ಮಾತ್ರ ರೌಂಡ್ ಮಾಡಿ. 1.4 ಎಂಬ ಮೂರು ಮೊತ್ತಗಳನ್ನು ಪೂರ್ಣಾಂಕಕ್ಕೆ ಒಂದೊಂದಾಗಿ ರೌಂಡ್ ಮಾಡಿ ಕೂಡಿದರೆ 3 ಬರುತ್ತದೆ; ಕೂಡಿ ರೌಂಡ್ ಮಾಡಿದರೆ 4 ಬರುತ್ತದೆ."

ಎಂಟು ಸಾಲಿಗಿಂತ ಉದ್ದವಾಗಿಲ್ಲ. ಮೊದಲ ವಾಕ್ಯ ಯಾವ ಕೆಲಸಕ್ಕೆ ಎಂಬುದನ್ನು ಹೇಳುತ್ತದೆ, ಉದಾಹರಣೆಗಳು ಅನುಮಾನ ಬರುವ ಜಾಗದಲ್ಲೇ ನಿಂತಿವೆ, ಪ್ರತಿ ಉದಾಹರಣೆಯ ಮಗ್ಗುಲಲ್ಲೇ ಉತ್ತರವಿದೆ. 12.30 ಕೊಟ್ಟರೆ 12.30 ಬರುತ್ತದೆ ಎಂಬಂಥ ಉದಾಹರಣೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಉತ್ತರವನ್ನು ಊಹಿಸಲಾಗದೋ ಅದನ್ನೇ ಉದಾಹರಣೆಯಾಗಿ ಕೊಡಬೇಕು.

ಉತ್ತರವನ್ನು ಮಗ್ಗುಲಲ್ಲೇ ಇಡಬೇಕೆಂಬ ಮಾತಿಗೆ ದೊಡ್ಡ ನಿದರ್ಶನವೇ ಇದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೈಪಿಡಿಯಲ್ಲಿ ಮೊದಲು ಫಂಕ್ಷನ್‌ಗಳ ಕೋಷ್ಟಕಗಳು ಹೆಸರು, ಫಲಿತಾಂಶದ ಬಗೆ, ವಿವರಣೆ, ಉದಾಹರಣೆ, ಉತ್ತರ ಎಂದು ಹಲವು ಕಿರಿದಾದ ಕಾಲಂಗಳಲ್ಲಿ ಹರಡಿಕೊಂಡಿದ್ದವು. ವಿವರಣೆ ಸ್ವಲ್ಪ ಉದ್ದವಾದರೆ ಪದಗಳು ಒಂದರ ಕೆಳಗೊಂದು ಮುರಿದುಕೊಂಡು ಬೀಳುತ್ತಿದ್ದವು. 2020ರಲ್ಲಿ ಬಂದ 13ನೆಯ ಆವೃತ್ತಿಯಲ್ಲಿ ಅದನ್ನು ಬದಲಿಸಿ, ಒಂದು ಫಂಕ್ಷನ್‌ಗೆ ಸೇರಿದ್ದೆಲ್ಲವನ್ನೂ ಒಂದೇ ಮನೆಯಲ್ಲಿಟ್ಟರು: ಮೇಲೆ ಬಳಸುವ ರೂಪ, ಅದರ ಕೆಳಗೆ ವಿವರಣೆ, ಅದರ ಕೆಳಗೆ ಉದಾಹರಣೆ, ಬಾಣದ ಗುರುತು, ಉತ್ತರ. ಹೀಗೆ ಮಾಡಿದಾಗ ವಿವರಣೆಗೆ ಮೂರು ವಾಕ್ಯ ಬೇಕಿದ್ದರೂ ಜಾಗ ಸಿಗುತ್ತದೆ, ಎರಡನೆಯ ಉದಾಹರಣೆಗೂ ಸಿಗುತ್ತದೆ. ಕೋಷ್ಟಕದ ಅಗಲ ಬರವಣಿಗೆಯನ್ನು ಎಷ್ಟು ಬಿಗಿಹಿಡಿಯುತ್ತದೆ ಎಂಬುದನ್ನು ಬರೆಯುವವರು ಬಹಳ ಸಲ ಗಮನಿಸುವುದೇ ಇಲ್ಲ.

ಇನ್ನೊಂದು ಮಾತು. ಆ ಫೋನ್ ಕರೆಗಳನ್ನು ತೊಂದರೆ ಎಂದುಕೊಳ್ಳಬೇಡಿ. ಒಂದು ತಿಂಗಳು ಪ್ರತಿ ಪ್ರಶ್ನೆಯನ್ನೂ ಕೇಳಿದವರ ಮಾತಿನಲ್ಲೇ ಬರೆದಿಡಿ. ನಿಮ್ಮ ಕೈಪಿಡಿಯ ಮುಂದಿನ ಆವೃತ್ತಿಗೆ ಬೇಕಾದ ಶೀರ್ಷಿಕೆಗಳೂ ಉದಾಹರಣೆಗಳೂ ಆ ಪಟ್ಟಿಯಲ್ಲೇ ಇರುತ್ತವೆ.

ಪ್ರಶ್ನೆ: ಪಠ್ಯದ ಒಂದು ಭಾಗವನ್ನು ಕತ್ತರಿಸಿಕೊಳ್ಳುವ ಸಬ್‌ಸ್ಟ್ರಿಂಗ್ ಫಂಕ್ಷನ್ ಬಳಸಲು ಹೊರಟು, ಕೈಪಿಡಿಯಲ್ಲಿದ್ದಂತೆ ಚೌಕ ಕಂಸಗಳನ್ನೂ ಸೇರಿಸಿ ಟೈಪ್ ಮಾಡಿದೆ. ದೋಷ ಬಂತು. ಕಂಸ ಹಾಕಬಾರದೆಂದು ಆಮೇಲೆ ತಿಳಿಯಿತು. ಹಾಗಾದರೆ ಅವನ್ನು ಮುದ್ರಿಸುವುದೇಕೆ?

ಉತ್ತರ: ಚೌಕ ಕಂಸದ ಒಳಗಿರುವುದನ್ನು ಬೇಕಾದರೆ ಬರೆಯಬಹುದು, ಬೇಡವಾದರೆ ಬಿಡಬಹುದು ಎಂಬುದು ಅದರ ಅರ್ಥ. ಹೂ ಕಂಸದೊಳಗೆ ನಿಂತ ಗೆರೆಯಿಂದ ಬೇರ್ಪಡಿಸಿದವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೂರು ಚುಕ್ಕೆ ಇದ್ದರೆ ಹಿಂದಿನದನ್ನು ಎಷ್ಟು ಸಲ ಬೇಕಾದರೂ ಮತ್ತೆ ಬರೆಯಬಹುದು. 1960ರ ಸುಮಾರಿಗೆ ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ವಿವರಿಸಲು ಬಳಸಿದ ಬ್ಯಾಕಸ್-ನೌರ್ ಸಂಕೇತ ಪದ್ಧತಿಯಿಂದ ಬೆಳೆದುಬಂದ ರೂಢಿ ಇದು. ಭಾಷೆಯ ವ್ಯಾಕರಣವನ್ನು ಚಾಚೂ ತಪ್ಪದೆ ಹೇಳಲು ಇದಕ್ಕಿಂತ ಚಿಕ್ಕ ದಾರಿ ಇಲ್ಲವಾದ್ದರಿಂದ ತಂತ್ರಜ್ಞರು ಇದನ್ನು ಬಿಟ್ಟಿಲ್ಲ.

ಆದರೆ ನಿಮ್ಮ ದೂರು ನ್ಯಾಯವಾದದ್ದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಅರೇ (ಮೌಲ್ಯಗಳ ಸಾಲು) ಬರೆಯುವಾಗ ಚೌಕ ಕಂಸವನ್ನು ನಿಜವಾಗಿಯೇ ಟೈಪ್ ಮಾಡಬೇಕು. ಎಸ್‌ಕ್ಯೂಎಲ್ ಸರ್ವರ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಕಾಲಂ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಹೆಸರನ್ನು ಚೌಕ ಕಂಸದಲ್ಲೇ ಇಡುತ್ತಾರೆ. ಒಂದೇ ಗುರುತು ಒಂದು ಪುಟದಲ್ಲಿ ಬರೆಯಬೇಕಾದದ್ದು, ಮುಂದಿನ ಪುಟದಲ್ಲಿ ಬರೆಯಬಾರದ್ದು ಎಂದಾದರೆ ಹೊಸಬರು ಗೊಂದಲಕ್ಕೆ ಬೀಳದಿರಲು ಸಾಧ್ಯವಿಲ್ಲ. ಇದಕ್ಕೆ ಪರಿಹಾರ ಸುಲಭ. ವ್ಯಾಕರಣದ ಸಾಲು ಇರಲಿ, ಅದರ ಕೆಳಗೆ ಆ ಸಾಲಿನಿಂದ ಹುಟ್ಟುವ ರೂಪಗಳನ್ನು ಬಿಡಿಸಿ ತೋರಿಸಲಿ:

ಸಬ್‌ಸ್ಟ್ರಿಂಗ್('987654321' ಫ್ರಮ್ 3 ಫಾರ್ 2) → 76
ಸಬ್‌ಸ್ಟ್ರಿಂಗ್('987654321' ಫ್ರಮ್ 3) → 7654321
ಸಬ್‌ಸ್ಟ್ರಿಂಗ್('987654321' ಫಾರ್ 2) → 98

ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ ಆರಂಭವಾಗುತ್ತದೆ ಎಂಬುದನ್ನು ಮೊದಲ ಸಾಲೇ ತೋರಿಸಿಕೊಡುತ್ತದೆ. ಬೇರೆ ಪ್ರೋಗ್ರಾಮಿಂಗ್ ಭಾಷೆಗಳಿಂದ ಬಂದವರಿಗೆ ಅದೇ ಮುಖ್ಯವಾದ ಸುದ್ದಿ, ಏಕೆಂದರೆ ಅವರು ಅಭ್ಯಾಸಬಲದಿಂದ "ಫ್ರಮ್ 0 ಫಾರ್ 3" ಎಂದು ಬರೆದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ದೋಷ ಬರುವುದಿಲ್ಲ. ಸೊನ್ನೆಯ ಸ್ಥಾನದಲ್ಲಿ ಅಕ್ಷರವಿಲ್ಲದ ಕಾರಣ ಮೂರರ ಬದಲು ಎರಡೇ ಅಕ್ಷರ, 98, ಸದ್ದಿಲ್ಲದೆ ಬಂದುಬಿಡುತ್ತದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಕೈಪಿಡಿ ಕಂಸಗಳ ಬದಲು ರೈಲು ಹಳಿಯಂತೆ ಕವಲೊಡೆಯುವ ನಕ್ಷೆಗಳನ್ನು ಕೊಡುತ್ತದೆ. ಬೆರಳಿಟ್ಟು ಎಡದಿಂದ ಬಲಕ್ಕೆ ಹಳಿ ಹಿಡಿದು ಹೋದರೆ ಸರಿಯಾದ ವಾಕ್ಯ ಸಿಗುತ್ತದೆ. ಹೊಸಬರಿಗೆ ಅದು ಕಂಸಗಳಿಗಿಂತ ಬೇಗ ಹಿಡಿತಕ್ಕೆ ಬರುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಕಾಲಂಗಳನ್ನು ಜೋಡಿಸಿ ಪೂರ್ಣ ಹೆಸರು ಮಾಡಲು ಹೋದೆ. ನಡುವಿನ ಹೆಸರಿಲ್ಲದವರ ಪೂರ್ಣ ಹೆಸರೇ ಮಾಯವಾಯಿತು. ಜೋಡಿಸುವ ಗುರುತಿನ ವಿವರಣೆಯಲ್ಲಿ "ಎರಡು ಪಠ್ಯಗಳನ್ನು ಕೂಡಿಸುತ್ತದೆ" ಎಂದಷ್ಟೇ ಇತ್ತು.

ಉತ್ತರ: ನೀವು ಬಳಸಿದ್ದು ಎರಡು ನಿಂತ ಗೆರೆಗಳ ಗುರುತು. ಅದರ ಒಂದು ಕಡೆ ನಲ್ ಇದ್ದರೆ ಇಡೀ ಫಲಿತಾಂಶ ನಲ್ ಆಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಅದೇ ಕೆಲಸಕ್ಕೆ ಇರುವ ಕಾನ್‌ಕ್ಯಾಟ್ ಫಂಕ್ಷನ್ ನಲ್‌ಗಳನ್ನು ಬಿಟ್ಟು ಉಳಿದವನ್ನು ಜೋಡಿಸುತ್ತದೆ. ನಿಮಗೆ ಬೇಕಾದದ್ದು ಅದು. ಆದರೆ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಅದೇ ಹೆಸರಿನ ಕಾನ್‌ಕ್ಯಾಟ್‌ಗೆ ಒಂದು ನಲ್ ಸಿಕ್ಕಿದರೂ ಉತ್ತರ ನಲ್. ಅಲ್ಲಿ ಎರಡು ನಿಂತ ಗೆರೆಗಳಿಗೆ, ಸಿದ್ಧ ಹೊಂದಿಕೆಯನ್ನು ಬದಲಿಸದ ಹೊರತು, "ಅಥವಾ" ಎಂದೇ ಅರ್ಥ. ಒರಾಕಲ್ ಖಾಲಿ ಪಠ್ಯವನ್ನೇ ನಲ್ ಎಂದು ಎಣಿಸುತ್ತದೆ. ಹೀಗಾಗಿ ಒಂದು ಡೇಟಾಬೇಸ್ ಬಿಟ್ಟು ಇನ್ನೊಂದಕ್ಕೆ ಹೋದವರಿಗೆ ಹಳೆಯ ಅನುಭವವೇ ತಪ್ಪು ದಾರಿ ತೋರಿಸುತ್ತದೆ.

ಈ ಅಂಕಣದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಒಂದೇ ಮಾತನ್ನು ಆರಿಸಿಕೊಳ್ಳಬೇಕಾದರೆ ಅದು ಇದು: ಪ್ರತಿಯೊಂದು ಫಂಕ್ಷನ್‌ನ ವಿವರಣೆಯಲ್ಲೂ, ಆ ಫಂಕ್ಷನ್ ಎಷ್ಟೇ ಚಿಕ್ಕದಿರಲಿ, ನಲ್ ಬಂದರೆ ಏನಾಗುತ್ತದೆ ಎಂಬ ಒಂದು ಸಾಲು ಇರಲೇಬೇಕು. "ನಲ್ ಕೊಟ್ಟರೆ ಸಾಮಾನ್ಯವಾಗಿ ನಲ್ ಬರುತ್ತದೆ ಎಂದು ಅಧ್ಯಾಯದ ಆರಂಭದಲ್ಲೇ ಹೇಳಿದ್ದೇವೆ" ಎಂಬ ಸಮಜಾಯಿಷಿ ಸಾಲದು. ಅಧ್ಯಾಯದ ಆರಂಭದಿಂದ ಓದುತ್ತ ಬರುವವರು ಯಾರೂ ಇಲ್ಲ. ಕೆಲಸ ಅರ್ಧಕ್ಕೆ ನಿಂತಾಗ ಹುಡುಕಿ, ನೇರವಾಗಿ ಪುಟದ ನಡುವೆ ಬಂದು ಇಳಿಯುತ್ತಾರೆ, ಬೇಕಾದ ನಾಲ್ಕು ಸಾಲು ಓದಿ ಹೊರಟುಹೋಗುತ್ತಾರೆ. ಆ ನಾಲ್ಕು ಸಾಲಿನಲ್ಲಿ ಇಲ್ಲದ್ದು ಅವರ ಪಾಲಿಗೆ ಕೈಪಿಡಿಯಲ್ಲೇ ಇಲ್ಲ.

ಒಟ್ಟು ಲೆಕ್ಕ ಹಾಕುವ ಫಂಕ್ಷನ್‌ಗಳಲ್ಲಿ ಈ ಸಾಲಿನ ಅಗತ್ಯ ಇನ್ನೂ ಹೆಚ್ಚು. 10, 20, ನಲ್ ಎಂಬ ಮೂರು ಸಾಲುಗಳಿವೆ ಎನ್ನೋಣ. ಸರಾಸರಿ ಕೇಳಿದರೆ 15 ಬರುತ್ತದೆ, ಏಕೆಂದರೆ ನಲ್ ಅನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಅದನ್ನು ಸೊನ್ನೆಯೆಂದು ಭಾವಿಸಿದವರು 10 ಬರಬೇಕಿತ್ತಲ್ಲ ಎಂದುಕೊಳ್ಳುತ್ತಾರೆ. ಸಾಲುಗಳನ್ನು ಎಣಿಸುವ ಕೌಂಟ್‌ಗೆ ನಕ್ಷತ್ರ ಕೊಟ್ಟರೆ 3, ಕಾಲಂ ಹೆಸರು ಕೊಟ್ಟರೆ 2. ಇನ್ನು ಒಂದು ಸಾಲೂ ಸಿಗದಿದ್ದಾಗ ಮೊತ್ತ ಕೂಡುವ ಸಮ್ ಕೊಡುವುದು ಸೊನ್ನೆಯನ್ನಲ್ಲ, ನಲ್ ಅನ್ನು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೈಪಿಡಿ ಇದನ್ನು ಸ್ಪಷ್ಟವಾಗಿ ಹೇಳಿ, ಸೊನ್ನೆ ಬೇಕಿದ್ದರೆ, ನಲ್ ಬದಲು ಬೇರೆ ಮೌಲ್ಯ ಕೊಡುವ ಕೋಲೆಸ್ ಫಂಕ್ಷನ್ ಬಳಸಿಕೊಳ್ಳಿ ಎಂದೂ ಸೂಚಿಸುತ್ತದೆ. ಎಚ್ಚರಿಕೆ ಮತ್ತು ಪರಿಹಾರ ಒಂದೇ ಜಾಗದಲ್ಲಿ ಸಿಗುವ ಇಂಥ ಟಿಪ್ಪಣಿ ಒಳ್ಳೆಯ ಮಾದರಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿನಂತಿ: ನಲ್ ಅನ್ನು "ಶೂನ್ಯ" ಎಂದು ಅನುವಾದಿಸಬೇಡಿ. ಶೂನ್ಯವೆಂದರೆ ಸೊನ್ನೆ, ಸೊನ್ನೆ ಒಂದು ಮೌಲ್ಯ. "ಖಾಲಿ" ಎಂದರೂ ಖಾಲಿ ಪಠ್ಯದೊಂದಿಗೆ ಕಲಸಿಹೋಗುತ್ತದೆ. "ನಲ್, ಎಂದರೆ ಮೌಲ್ಯ ತಿಳಿದಿಲ್ಲ" ಎಂದು ಒಮ್ಮೆ ಹೇಳಿ, ಮುಂದೆ ನಲ್ ಎಂಬ ಪದವನ್ನೇ ಉಳಿಸಿಕೊಳ್ಳುವುದು ಮೇಲು. ತಿಳಿಯದ ಹೆಸರನ್ನು ತಿಳಿದ ಹೆಸರಿಗೆ ಜೋಡಿಸಿದರೆ ಪೂರ್ಣ ಹೆಸರು ಏನೆಂದು ತಿಳಿಯುವುದಿಲ್ಲ. ನಿಮ್ಮ ಹೆಸರುಗಳು ಮಾಯವಾದ ಕಾರಣವೂ ಆ ಒಂದು ವಿವರಣೆಯಿಂದಲೇ ಅರ್ಥವಾಗುತ್ತದೆ.

ಪ್ರಶ್ನೆ: ದಿನಾಂಕದ ಫಂಕ್ಷನ್‌ಗಳು ನನಗೆ ಯಾವತ್ತೂ ಒಗ್ಗಿಲ್ಲ. ಇವುಗಳ ವಿವರಣೆಯನ್ನು ಸರಳಗೊಳಿಸಲು ಸಾಧ್ಯವೇ?

ಉತ್ತರ: ದಿನಾಂಕವೇ ಸರಳವಾದ ವಿಷಯವಲ್ಲ, ಆದ್ದರಿಂದ ವಿವರಣೆ ಒಂದು ಮಟ್ಟಕ್ಕಿಂತ ಸರಳವಾಗದು. ಆದರೆ ಜನ ಬೀಳುವ ಗುಂಡಿಗಳು ಯಾವುವೆಂದು ಗೊತ್ತಿದೆ. ಅವುಗಳ ಪಕ್ಕದಲ್ಲಿ ಫಲಕ ನೆಡಬಹುದು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಪ್ರತಿ ದಾಖಲೆಯ ಸಮಯವನ್ನು ಅಚ್ಚುಮಾಡುವ ವರದಿಯೊಂದಿತ್ತು. ಮಾರ್ಚ್ ತಿಂಗಳಿಡೀ ಅದರಲ್ಲಿ 09:03, 11:03, 16:03 ಎಂದೇ ಬರುತ್ತಿತ್ತು. ಗಂಟೆ ಸರಿ ಇತ್ತು, ಅದರ ಮುಂದೆ ಅಚ್ಚಾಗುತ್ತಿದ್ದ ಸೆಕೆಂಡುಗಳು ಬದಲಾಗುತ್ತಿದ್ದವು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಏಪ್ರಿಲ್ ಒಂದರ ಬೆಳಿಗ್ಗೆ ನಿಮಿಷಗಳೆಲ್ಲ 04 ಆದಾಗ ಒಬ್ಬರು ಬೆರಳಿಟ್ಟು ತೋರಿಸಿದರು. ದಿನಾಂಕ, ಸಮಯಗಳನ್ನು ಪಠ್ಯವಾಗಿಸುವ ಟು_ಚಾರ್ ಫಂಕ್ಷನ್‌ಗೆ ಕೊಟ್ಟ ನಮೂನೆಯಲ್ಲಿ ನಿಮಿಷದ ಜಾಗಕ್ಕೆ ನಾನು 'ಎಂಎಂ' ಎಂದು ಬರೆದಿದ್ದೆ. ಅದು ತಿಂಗಳ ಸಂಕೇತ. ನಿಮಿಷಕ್ಕೆ 'ಎಂಐ' ಎಂದಿರಬೇಕು. ಆ ಸಂಕೇತಗಳ ಪಟ್ಟಿಯಲ್ಲಿ ಎರಡೂ ಇದ್ದವು, ಆದರೆ ಬಹಳ ದೂರ ದೂರ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ. 'ಎಂಐ' ಎದುರಿಗೆ "ನಿಮಿಷ, ತಿಂಗಳಿಗೆ ಎಂಎಂ ನೋಡಿ" ಎಂದು ನಾಲ್ಕು ಪದ ಇದ್ದಿದ್ದರೆ ಆ ತಿಂಗಳ ದಾಖಲೆಗಳನ್ನು ಮತ್ತೆ ಅಚ್ಚುಹಾಕುವ ಕೆಲಸ ಉಳಿಯುತ್ತಿತ್ತು. ಒಂದನ್ನು ಇನ್ನೊಂದೆಂದು ತಿಳಿಯುವ ಸಂಭವವಿರುವ ಕಡೆಯಲ್ಲೆಲ್ಲ ಎರಡೂ ಕಡೆ ಪರಸ್ಪರ ಸೂಚನೆ ಇರಬೇಕೆಂದು ನಾನು ಅಂದಿನಿಂದ ಹಟ ಹಿಡಿಯುತ್ತ ಬಂದಿದ್ದೇನೆ.

ಎರಡನೆಯದು, ಮೌಲ್ಯವೊಂದು ಎರಡು ತುದಿಗಳ ನಡುವೆ ಇದೆಯೇ ಎಂದು ನೋಡುವ ಬಿಟ್ವೀನ್. ಅದು ಎರಡು ತುದಿಗಳನ್ನೂ ಒಳಗೊಳ್ಳುತ್ತದೆ ಎಂದು ಕೈಪಿಡಿಗಳು ಹೇಳುತ್ತವೆ, ಸರಿಯೇ. ಆದರೆ ಕಾಲಂನಲ್ಲಿ ದಿನಾಂಕದ ಜೊತೆ ಸಮಯವೂ ಇದ್ದರೆ '2024-01-31' ಎಂಬ ತುದಿ ಆ ದಿನದ ಮಧ್ಯರಾತ್ರಿ ಸೊನ್ನೆ ಗಂಟೆ ಎಂದಾಗುತ್ತದೆ, ಮೂವತ್ತೊಂದನೆಯ ತಾರೀಖಿನ ಹಗಲಿನ ವ್ಯವಹಾರವೆಲ್ಲ ಲೆಕ್ಕದಿಂದ ಹೊರಗುಳಿಯುತ್ತದೆ. ಜನವರಿ 1ಕ್ಕೆ ಸಮ ಅಥವಾ ಅದಕ್ಕಿಂತ ಹೆಚ್ಚು, ಫೆಬ್ರುವರಿ 1ಕ್ಕಿಂತ ಕಡಿಮೆ ಎಂದು ಎರಡು ಷರತ್ತಾಗಿ ಬರೆಯುವುದೇ ಸುರಕ್ಷಿತ. ಈ ಉದಾಹರಣೆ ಬಿಟ್ವೀನ್‌ನ ವಿವರಣೆಯಲ್ಲೇ ಇರಬೇಕು.

ಡೇಟ್‌ಡಿಫ್ ಎಂಬ ಹೆಸರೂ ಹಾಗೆಯೇ ಮೋಸ ಮಾಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಎರಡು ದಿನಾಂಕಗಳ ನಡುವಿನ ದಿನಗಳನ್ನು ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದಕ್ಕೆ ಮೂರು ಮೌಲ್ಯ ಬೇಕು, ಅದು ಎಣಿಸುವುದು ದಾಟಿದ ಗಡಿಗಳನ್ನು. 2023ರ ಡಿಸೆಂಬರ್ 31ರಿಂದ 2024ರ ಜನವರಿ 1ಕ್ಕೆ ಎಷ್ಟು ವರ್ಷ ಎಂದು ಕೇಳಿದರೆ ಅದರ ಉತ್ತರ 1. ವಯಸ್ಸಿನ ಲೆಕ್ಕಕ್ಕೆ ಅದನ್ನು ಬಳಸಿದವರ ಪಾಡು ಊಹಿಸಿಕೊಳ್ಳಿ.

ಪ್ರಶ್ನೆ: ಹೀಗೆ ಎಲ್ಲವನ್ನೂ ಸರಳವಾಗಿ ಬರೆಯುತ್ತ ಹೋದರೆ ನಿಖರತೆ ಕೆಡುವುದಿಲ್ಲವೇ? ಕೈಪಿಡಿ ಪಠ್ಯಪುಸ್ತಕವಲ್ಲವಲ್ಲ.

ಉತ್ತರ: ಸರಳತೆ ಮತ್ತು ನಿಖರತೆ ಒಂದಕ್ಕೊಂದು ವಿರೋಧ ಎಂಬ ಭಾವನೆ ಬಹಳ ತಂತ್ರಜ್ಞರಲ್ಲಿದೆ. ನೌ ಫಂಕ್ಷನ್ ನೋಡಿ. "ಪ್ರಸ್ತುತ ಸಮಯವನ್ನು ಕೊಡುತ್ತದೆ" ಎಂದು ಬರೆದರೆ ಚಿಕ್ಕದಾಗಿದೆ, ತಾಂತ್ರಿಕವಾಗಿಯೂ ಕೇಳಿಸುತ್ತದೆ, ಆದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಮಟ್ಟಿಗೆ ನಿಖರವಲ್ಲ. ಅದು ಕೊಡುವುದು ಆ ಟ್ರಾನ್ಸಾಕ್ಷನ್ (ಒಂದೇ ಕೆಲಸವಾಗಿ ನಡೆಯುವ ಆದೇಶಗಳ ಗುಂಪು) ಆರಂಭವಾದ ಕ್ಷಣವನ್ನು. "ಒಂದು ಟ್ರಾನ್ಸಾಕ್ಷನ್ ಒಳಗೆ ಇದನ್ನು ಎಷ್ಟು ಸಲ ಕೇಳಿದರೂ, ನಡುವೆ ಹತ್ತು ನಿಮಿಷ ಕಳೆದಿದ್ದರೂ, ಒಂದೇ ಸಮಯ ಬರುತ್ತದೆ, ಕೇಳಿದ ಗಳಿಗೆಯ ಸಮಯವೇ ಬೇಕಿದ್ದರೆ ಕ್ಲಾಕ್_ಟೈಮ್‌ಸ್ಟ್ಯಾಂಪ್ ಬಳಸಿ" ಎಂದು ಬರೆದಾಗ ವಾಕ್ಯ ಉದ್ದವಾಯಿತು, ಹೆಚ್ಚು ಸುಲಭವೂ ಆಯಿತು, ಹೆಚ್ಚು ನಿಖರವೂ ಆಯಿತು. ಪಠ್ಯಪುಸ್ತಕದಂತೆ ಎಲ್ಲವನ್ನೂ ಬುಡದಿಂದ ಕಲಿಸಬೇಕೆಂದು ನಾನು ಹೇಳುತ್ತಿಲ್ಲ. ಟ್ರಾನ್ಸಾಕ್ಷನ್ ಎಂದರೇನು ಎಂಬ ವಿವರಣೆ ಬೇರೆ ಕಡೆ ಇರಲಿ, ಇಲ್ಲಿಂದ ಅಲ್ಲಿಗೆ ಒಂದು ಸೂಚನೆ ಇದ್ದರೆ ಸಾಕು.

ಪ್ರಶ್ನೆ: ಕನ್ನಡ ಪುಸ್ತಕಗಳ ಪಟ್ಟಿಯಲ್ಲಿ ಶೀರ್ಷಿಕೆಯ ಉದ್ದ ನೋಡಲು ಲೆಂಗ್ತ್ ಫಂಕ್ಷನ್ ಬಳಸಿದೆ. 'ಕನ್ನಡ' ಎಂಬ ಮೂರಕ್ಷರದ ಪದಕ್ಕೆ ಒಂದು ಡೇಟಾಬೇಸ್ 5 ಎಂದಿತು, ಇನ್ನೊಂದು 15 ಎಂದಿತು. ಯಾವುದು ಸರಿ?

ಉತ್ತರ: ಎರಡೂ ಸರಿ, ಎಣಿಸಿದ್ದು ಬೇರೆ ಬೇರೆ. ಯೂನಿಕೋಡ್‌ನಲ್ಲಿ 'ಕನ್ನಡ' ಎಂಬುದು ಕ, ನ, ಅರ್ಧಾಕ್ಷರ ಮಾಡುವ ವಿರಾಮ ಗುರುತು (್), ನ, ಡ ಎಂಬ ಐದು ಸಂಕೇತಗಳಾಗಿ ಸೇರಿರುತ್ತದೆ. ನಮ್ಮ ಕಣ್ಣಿಗೆ ಒಂದಾಗಿ ಕಾಣುವ ಒತ್ತಕ್ಷರ ಅಲ್ಲಿ ಮೂರು ಸಂಕೇತ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಲೆಂಗ್ತ್ ಆ ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ. ಯುಟಿಎಫ್-8 ಎಂಬ ಶೇಖರಣಾ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಮೈಎಸ್‌ಕ್ಯೂಎಲ್‌ನ ಲೆಂಗ್ತ್ ಬೈಟ್‌ಗಳನ್ನು ಎಣಿಸಿ 15 ಎನ್ನುತ್ತದೆ. ಅಲ್ಲಿ 5 ಬೇಕಿದ್ದರೆ ಚಾರ್_ಲೆಂಗ್ತ್ ಬಳಸಬೇಕು. ಓದುಗರು ಅಕ್ಷರವೆಂದು ಕರೆಯುವ 3 ಎಂಬ ಎಣಿಕೆಯನ್ನು ಈ ಎರಡೂ ಕೊಡುವುದಿಲ್ಲ.

"ಪಠ್ಯದ ಉದ್ದವನ್ನು ಕೊಡುತ್ತದೆ" ಎಂಬ ವಿವರಣೆ ಬರೆದವರು ಒಂದಕ್ಷರಕ್ಕೆ ಒಂದು ಬೈಟ್ ಆಗುವ ಲಿಪಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅಲ್ಲಿ ಮೂರು ಎಣಿಕೆಗಳೂ ಒಂದೇ ಆಗುವುದರಿಂದ ವ್ಯತ್ಯಾಸ ಹೇಳಬೇಕೆಂದೇ ಹೊಳೆಯುವುದಿಲ್ಲ. ಪಠ್ಯದ ಫಂಕ್ಷನ್‌ಗಳಿಗೆ ಒಂದಾದರೂ ಉದಾಹರಣೆಯನ್ನು ಕನ್ನಡದಂಥ ಲಿಪಿಯಲ್ಲಿ ಕೊಟ್ಟರೆ ಇದು ತಾನಾಗಿ ಬಯಲಾಗುತ್ತದೆ. ಎಡದಿಂದ ಇಷ್ಟು ಅಕ್ಷರ ತೆಗೆಯುವ ಲೆಫ್ಟ್ ಫಂಕ್ಷನ್‌ಗೆ 'ಕನ್ನಡ', 2 ಎಂದು ಕೊಟ್ಟರೆ 'ಕನ' ಬರುತ್ತದೆ, 3 ಎಂದರೆ 'ಕನ್' ಬರುತ್ತದೆ. ಪಟ್ಟಿಯ ಶೀರ್ಷಿಕೆಗಳನ್ನು ಮೊಟಕುಗೊಳಿಸುವವರು ಇದನ್ನು ನೋಡಿದ್ದರೆ, ಒತ್ತಕ್ಷರದ ನಡುವೆ ಕತ್ತರಿ ಬಿದ್ದ ಹೆಸರುಗಳು ಪರದೆಯ ಮೇಲೆ ಬರುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಫಂಕ್ಷನ್‌ಗಳ ವಿವರಣೆಯನ್ನು ಒಂದು ಕಡತದಲ್ಲಿ ಚೆನ್ನಾಗಿ ಬರೆದಿಟ್ಟಿದ್ದೆವು. ಎರಡು ವರ್ಷದಲ್ಲಿ ಫಂಕ್ಷನ್‌ಗಳು ಬದಲಾದವು, ಕಡತ ಹಾಗೆಯೇ ಉಳಿಯಿತು. ಈಗ ಅದನ್ನು ಯಾರೂ ನಂಬುವುದಿಲ್ಲ. ವಿವರಣೆಯನ್ನು ಎಲ್ಲಿ ಇಡುವುದು ಒಳ್ಳೆಯದು?

ಉತ್ತರ: ಫಂಕ್ಷನ್‌ಗೆ ಆದಷ್ಟು ಹತ್ತಿರದಲ್ಲಿ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಕಾಮೆಂಟ್ ಆನ್ ಫಂಕ್ಷನ್ ಎಂಬ ಆದೇಶದಿಂದ ವಿವರಣೆಯನ್ನು ಡೇಟಾಬೇಸಿನೊಳಗೇ ಇಡಬಹುದು. ಅದಕ್ಕೆ ಆದೇಶ ಟೈಪ್ ಮಾಡುವ ಪಿಎಸ್‌ಕ್ಯೂಎಲ್ ಎಂಬ ಸಾಧನದಲ್ಲಿ ಫಂಕ್ಷನ್‌ಗಳ ವಿಸ್ತೃತ ಪಟ್ಟಿ ಕೇಳಿದಾಗ ಅದು ಜೊತೆಯಲ್ಲೇ ಕಾಣಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಫಂಕ್ಷನ್ ಸೃಷ್ಟಿಸುವ ಆದೇಶದಲ್ಲೇ ಕಾಮೆಂಟ್ ಸೇರಿಸುವ ಅವಕಾಶವಿದೆ. ಒಂದು ಎಚ್ಚರಿಕೆ: ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಫಂಕ್ಷನ್ ಅನ್ನು ಅಳಿಸಿ ಮತ್ತೆ ಸೃಷ್ಟಿಸಿದರೆ ಕಾಮೆಂಟ್ ಕೂಡ ಅಳಿಸಿಹೋಗುತ್ತದೆ, ಕ್ರಿಯೇಟ್ ಆರ್ ರಿಪ್ಲೇಸ್ ಬಳಸಿದರೆ ಉಳಿಯುತ್ತದೆ. ಆದ್ದರಿಂದ ಫಂಕ್ಷನ್‌ನ ಕೋಡ್ ಮತ್ತು ಅದರ ಕಾಮೆಂಟ್ ಎರಡನ್ನೂ ಒಂದೇ ಕಡತದಲ್ಲಿ, ಒಂದರ ಕೆಳಗೊಂದು ಇಟ್ಟುಕೊಳ್ಳಿ. ಕೋಡ್ ತಿದ್ದುವವರ ಕಣ್ಣಿಗೆ ವಿವರಣೆ ಬೀಳದಿದ್ದರೆ ಅದು ಹಳತಾಗುವುದು ಖಂಡಿತ.

ಒಳಗೆ ಕೊಡುವ ಮೌಲ್ಯಗಳಿಗೆ ಹೆಸರಿಡುವುದೂ ವಿವರಣೆಯ ಭಾಗವೇ. ಪಟ್ಟಿಯಲ್ಲಿ "ನ್ಯೂಮರಿಕ್, ಇಂಟಿಜರ್, ಬೂಲಿಯನ್" ಎಂದು ಕಂಡರೆ ಮೂರನೆಯದಕ್ಕೆ ಟ್ರೂ ಕೊಟ್ಟಾಗ ಏನು ನಿಜವಾಗುತ್ತದೆಂದು ಯಾರಿಗೆ ಗೊತ್ತಾಗಬೇಕು? ಅದಕ್ಕೆ "ತೆರಿಗೆ_ಸೇರಿದೆ" ಎಂಬಂಥ ಹೆಸರಿದ್ದರೆ ಅರ್ಧ ವಿವರಣೆ ಅಲ್ಲೇ ಮುಗಿಯಿತು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಕರೆಯುವಾಗಲೂ ಆ ಹೆಸರನ್ನೇ ಬರೆದು ಮೌಲ್ಯ ಕೊಡಬಹುದು, ಆಗ ಕ್ವೆರಿಯನ್ನು ಆಮೇಲೆ ಓದುವವರಿಗೂ ಅರ್ಥ ತಿಳಿಯುತ್ತದೆ.

ಇನ್ನು ನಂಬಿಕೆಯ ವಿಷಯ. ವಿವರಣೆಯಲ್ಲಿರುವ ಪ್ರತಿ ಉದಾಹರಣೆಯನ್ನೂ ಯಂತ್ರದಿಂದಲೇ ಓಡಿಸಿ, ಬರೆದ ಉತ್ತರವೇ ಬರುತ್ತದೆಯೇ ಎಂದು ಪರೀಕ್ಷಿಸುವ ವ್ಯವಸ್ಥೆ ಮಾಡಿಕೊಳ್ಳಿ. ಪೈಥಾನ್ ಭಾಷೆಯಲ್ಲಿ ಡಾಕ್‌ಟೆಸ್ಟ್ ಎಂಬ ಸಾಧನ ಈ ಕೆಲಸವನ್ನೇ ಮಾಡುತ್ತದೆ; ನಿಮ್ಮ ಡೇಟಾಬೇಸಿಗೆ ಉದಾಹರಣೆ ಮತ್ತು ನಿರೀಕ್ಷಿತ ಉತ್ತರ ಎಂಬ ಎರಡು ಕಾಲಂಗಳ ಒಂದು ಟೇಬಲ್, ಅವೆರಡನ್ನೂ ಹೋಲಿಸುವ ಒಂದು ಚಿಕ್ಕ ಪ್ರೋಗ್ರಾಂ ಇದ್ದರೆ ಆರಂಭಕ್ಕೆ ಸಾಕು. ಹೋಲಿಸುವಾಗ ಸಮ ಚಿಹ್ನೆ ಬಳಸಬೇಡಿ. ಉತ್ತರ ನಲ್ ಆಗಿರುವ ಕಡೆ ಅದು ಹೌದು ಎನ್ನುವುದೂ ಇಲ್ಲ, ಅಲ್ಲ ಎನ್ನುವುದೂ ಇಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಅದಕ್ಕೆ ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್ ಎಂಬ ಹೋಲಿಕೆ ಇದೆ. ಫಂಕ್ಷನ್ ಬದಲಾದ ದಿನವೇ ಯಾವ ಉದಾಹರಣೆ ತಪ್ಪಾಯಿತೆಂದು ಅದು ತೋರಿಸುತ್ತದೆ, ಕಡತವನ್ನು ತಿದ್ದಲು ಎರಡು ವರ್ಷ ಕಾಯಬೇಕಾಗುವುದಿಲ್ಲ.